ಕ್ಲಾಸಿಕ್ ಕಾರಿಗೆ ರೆಪ್ಲಿಕಾ ಚಕ್ರ: ಮುಖ ನೋಡಿ ಅಲ್ಲ, ಬೆನ್ನು ನೋಡಿ ಕೊಳ್ಳಿ

ಹಳೆಯ ಕಾರಿನ ಮೂಲ ಚಕ್ರಗಳು ನಾಲ್ಕೂ ನೆಟ್ಟಗಿರುವ ಸ್ಥಿತಿಯಲ್ಲಿ ಒಂದೇ ಕಡೆ ಸಿಗುವುದು ಅಪರೂಪ. ಸಿಕ್ಕರೂ ಒಂದರ ಅಂಚು ಬಾಗಿರುತ್ತದೆ, ಇನ್ನೊಂದರಲ್ಲಿ ನಟ್ಟು ಕೂರುವ ತೂತು ಸವೆದು ಅಗಲವಾಗಿರುತ್ತದೆ, ಮತ್ತೊಂದರ ಬಿರುಕಿಗೆ ಯಾರೋ ವೆಲ್ಡಿಂಗ್ ಮಾಡಿ ಮೇಲೆ ಪಾಲಿಶ್ ಹೊಡೆದಿರುತ್ತಾರೆ. 1960ರ ದಶಕದ ಮೆಗ್ನೀಷಿಯಂ ಚಕ್ರಗಳಾದರೆ ಬಣ್ಣದ ಅಡಿಯಲ್ಲಿ ಲೋಹವೇ ತಿಂದುಹೋಗಿರಬಹುದು. ಅಂಥವನ್ನು ಗೋಡೆಗೆ ಒರಗಿಸಿಟ್ಟು, ರಸ್ತೆಗೆ ಬೇರೆ ಸೆಟ್ ಹಾಕಿಕೊಳ್ಳುವುದೇ ಸರಿ. ರೆಪ್ಲಿಕಾ, ಅಂದರೆ ಮೂಲದ ರೂಪವನ್ನೇ ಹೋಲುವಂತೆ ಹೊಸದಾಗಿ ಮಾಡಿದ ಚಕ್ರಗಳ ಹುಡುಕಾಟ ಶುರುವಾಗುವುದು ಇಲ್ಲಿಂದ.

ಈ ಹುಡುಕಾಟದಲ್ಲಿ ಹೆಚ್ಚಿನವರು ಫೋಟೊ ನೋಡಿ ಮೋಸ ಹೋಗುತ್ತಾರೆ. ನಕಲು ಮಾಡುವವರು ತಮ್ಮ ಶ್ರಮವನ್ನೆಲ್ಲ ಸುರಿಯುವುದು ಫೋಟೊದಲ್ಲಿ ಕಾಣುವ ಮುಂಬದಿಗೆ. ಚಕ್ರ ಹಬ್ಬಿಗೆ (ಆಕ್ಸಲ್ ತುದಿಯಲ್ಲಿ ಚಕ್ರವನ್ನು ಕೂರಿಸುವ ಭಾಗಕ್ಕೆ) ಸರಿಯಾಗಿ ಕೂರುತ್ತದೆಯೇ, ಕಾರಿನ ಭಾರ ತಡೆಯುತ್ತದೆಯೇ, ಬ್ರೇಕಿಗೆ ತಾಗುತ್ತದೆಯೇ ಎಂಬುದೆಲ್ಲ ತೀರ್ಮಾನವಾಗುವುದು ಹಿಂಬದಿಯಲ್ಲಿ. ಹಾಗಾಗಿ ಮಾರುವವರ ಹತ್ತಿರ ಮೊದಲು ಕೇಳಬೇಕಾದದ್ದು ಬೆಲೆಯನ್ನಲ್ಲ, ಚಕ್ರದ ಹಿಂಬದಿಯ ಸ್ಪಷ್ಟ ಫೋಟೊವನ್ನು. ಅದನ್ನು ಕಳಿಸಲು ಹಿಂದೆಮುಂದೆ ನೋಡುವವರ ಜೊತೆ ವ್ಯವಹಾರ ಬೇಡ.

ರೆಪ್ಲಿಕಾ ಅಂದಮಾತ್ರಕ್ಕೆ ಎಲ್ಲವೂ ಒಂದೇ ಅಲ್ಲ. ಮೂಲ ಕಂಪನಿಯೇ ತನ್ನ ಹಳೆಯ ವಿನ್ಯಾಸವನ್ನು ಮತ್ತೆ ತಯಾರಿಸುವುದುಂಟು. ಪೋರ್ಷೆ 911ರ ಐದು ದಳದ ಚಕ್ರ ಮಾಡಿದ ಜರ್ಮನಿಯ ಓಟ್ಟೋ ಫುಕ್ಸ್, ಇಟಲಿಯ ಕಡ್ಡಿ ಚಕ್ರಗಳ ಹೆಸರಾಂತ ತಯಾರಕ ಬೊರಾನಿ ಈ ಸಾಲಿನವರು. ಎರಡನೆಯ ಬಗೆಯವರು ವಿನ್ಯಾಸವನ್ನು ಉಳಿಸಿಕೊಂಡು ಲೋಹವನ್ನೋ ತಯಾರಿಕೆಯ ವಿಧಾನವನ್ನೋ ಬದಲಿಸುತ್ತಾರೆ. ಮಿನಿ ಕಾರಿನ ರ‍್ಯಾಲಿಗಳಿಂದ ಹೆಸರಾದ ಮಿನಿಲೈಟ್ ಚಕ್ರ ಮೊದಲು ಮೆಗ್ನೀಷಿಯಂನದು. ಇಂದು ಅದೇ ಎಂಟು ಕಡ್ಡಿಯ ರೂಪ ಅಲ್ಯೂಮಿನಿಯಂನಲ್ಲಿ ಸಿಗುತ್ತದೆ, ದಿನನಿತ್ಯದ ಓಡಾಟಕ್ಕೆ ಮೂಲದ್ದಕ್ಕಿಂತ ಅದೇ ಮೇಲು. ಮೂರನೆಯ ಬಗೆಯಲ್ಲಿ ಮುಂಬದಿಯ ರೂಪವೊಂದನ್ನು ನಕಲಿಸಿ, ಒಂದೇ ಅಚ್ಚಿನಿಂದ ಹತ್ತಾರು ಕಾರುಗಳಿಗೆ ಆಗುವಂತೆ ತೂತು ಕೊರೆದು ಮಾರುತ್ತಾರೆ. ಎಡವಟ್ಟುಗಳು ಹೆಚ್ಚಾಗಿ ಹುಟ್ಟುವುದು ಈ ಮೂರನೆಯ ಬಗೆಯಲ್ಲೇ.

ತೂತುಗಳ ಲೆಕ್ಕ

ಬೋಲ್ಟುಗಳ ಮಧ್ಯಬಿಂದುಗಳ ಮೂಲಕ ಹಾದುಹೋಗುವ ವೃತ್ತದ ವ್ಯಾಸವೇ ಪಿಸಿಡಿ. 5×130 ಅಂದರೆ 130 ಮಿ.ಮೀ. ವೃತ್ತದ ಮೇಲೆ ಐದು ತೂತು. ನಾಲ್ಕು ತೂತಿನ ಚಕ್ರದಲ್ಲಿ ಎದುರುಬದುರಿನ ತೂತುಗಳ ಮಧ್ಯದಿಂದ ಮಧ್ಯಕ್ಕೆ ಅಳೆದರೆ ಆಯಿತು. ಐದು ತೂತಿನದ್ದರಲ್ಲಿ ಎದುರು ತೂತು ಇರುವುದಿಲ್ಲ. ಅಕ್ಕಪಕ್ಕದ ಎರಡು ತೂತುಗಳ ಮಧ್ಯದ ಅಂತರವನ್ನು 1.701ರಿಂದ ಗುಣಿಸಬೇಕು.

ಅಳತೆಗೆ ಟೇಪು ಸಾಲದು, ವರ್ನಿಯರ್ ಕ್ಯಾಲಿಪರ್ ಬೇಕೇಬೇಕು. ಏಕೆಂದರೆ ಇಲ್ಲಿನ ಬಲೆಗಳೆಲ್ಲ ಕೂದಲೆಳೆಯಷ್ಟು ಸಣ್ಣವು. ಹಳೆಯ ಶೆವರ್ಲೆಗಳದು 5×120.65, ಅನೇಕ ಬಿಎಂಡಬ್ಲ್ಯುಗಳದು 5×120. ಅಕ್ಕಪಕ್ಕದ ತೂತುಗಳ ಅಂತರದಲ್ಲಿ ಈ ಎರಡರ ನಡುವಿನ ವ್ಯತ್ಯಾಸ 0.4 ಮಿ.ಮೀ.ಗೂ ಕಡಿಮೆ. ಮಿನಿಯದು 4×101.6, ಹಳೆಯ ಫಿಯಟ್‌ಗಳದು 4×98. ಮಾರುಕಟ್ಟೆಯಲ್ಲಿ ರಾಶಿ ಬಿದ್ದಿರುವುದು 4×100. ಇವೆಲ್ಲ ಕೈಯಲ್ಲಿ ತಳ್ಳಿದರೆ ಹಬ್ಬಿನ ಮೇಲೆ ಕೂರುತ್ತವೆ, ನಟ್ಟೂ ಬಿಗಿಯಾಗುತ್ತದೆ. ಆದರೆ ಒಳಗೆ ಪ್ರತಿ ಸ್ಟಡ್ಡೂ (ನಟ್ಟು ಏರುವ, ಹಬ್ಬಿನಿಂದ ಹೊರಚಾಚಿದ ಬೋಲ್ಟು) ಒಂದಿಷ್ಟು ಬಾಗಿ ನಿಂತಿರುತ್ತದೆ, ನಟ್ಟಿನ ಶಂಕು ಒಂದೇ ಮಗ್ಗುಲಲ್ಲಿ ಒತ್ತುತ್ತಿರುತ್ತದೆ. ಚಕ್ರ ತಿರುಗಿದಂತೆಲ್ಲ ಸ್ಟಡ್ ಆಚೀಚೆ ಬಾಗಿ ಆಯಾಸಗೊಳ್ಳುತ್ತದೆ, ನಟ್ಟು ಸಡಿಲವಾಗುತ್ತದೆ, ಕೊನೆಗೆ ಸ್ಟಡ್ ಮುರಿಯುತ್ತದೆ. ಒಂದೇ ಹೆಸರಿನ ಕಾರಿನಲ್ಲೂ ಅಳತೆ ಬದಲಾಗಿರುತ್ತದೆ ಎಂಬುದು ನೆನಪಿರಲಿ: ಫೋಕ್ಸ್‌ವ್ಯಾಗನ್ ಬೀಟಲ್ ಬಹುಕಾಲ 5×205 ಆಗಿದ್ದು, 1960ರ ದಶಕದ ಕೊನೆಯ ಭಾಗದಲ್ಲಿ 4×130ಕ್ಕೆ ಹೊರಳಿತು. ಮಾದರಿ, ವರ್ಷ ಹೇಳಿ ಸುಮ್ಮನಾಗದೆ ನಿಮ್ಮ ಹಬ್ಬನ್ನು ನೀವೇ ಅಳೆಯಿರಿ. ಹಿಂದಿನ ಮಾಲೀಕರು ಹಬ್ಬನ್ನೇ ಬದಲಿಸಿರಲೂಬಹುದು.

ಆಫ್‌ಸೆಟ್: ಒಳಗೆಷ್ಟು, ಹೊರಗೆಷ್ಟು

ರಿಮ್ಮಿನ ಅಗಲವನ್ನು ಅಳೆಯುವುದು ಹೊರ ಅಂಚಿನಿಂದ ಹೊರ ಅಂಚಿಗಲ್ಲ. ಟೈರಿನ ಮಗ್ಗುಲು ಒತ್ತಿಕೊಳ್ಳುವ ಎರಡು ಒಳಮುಖಗಳ ನಡುವೆ. ಹಾಗಾಗಿ 6 ಇಂಚಿನ ರಿಮ್ಮಿಗೆ ಹೊರಗಿನಿಂದ ಟೇಪು ಹಿಡಿದರೆ ಸುಮಾರು 7 ಇಂಚು ತೋರಿಸುತ್ತದೆ. ಈ ಒಂದು ತಪ್ಪಿನಿಂದ ಬೇಡದ ಅಳತೆಯ ಚಕ್ರ ತರಿಸಿಕೊಂಡವರು ಬಹಳ ಮಂದಿ.

ರಿಮ್ಮಿನ ಅಗಲದ ನಟ್ಟನಡುವಿನ ಗೆರೆಗೂ ಚಕ್ರ ಹಬ್ಬಿಗೆ ಒತ್ತಿ ಕೂರುವ ಮುಖಕ್ಕೂ ಇರುವ ದೂರವೇ ಆಫ್‌ಸೆಟ್. ಚಕ್ರದ ಮೇಲೆ ಅದನ್ನು ಇಟಿ ಎಂದು ಗುರುತಿಸಿರುತ್ತಾರೆ. ಆ ಮುಖ ನಡುಗೆರೆಯಿಂದ ಹೊರಗಡೆಗಿದ್ದರೆ ಧನ, ಒಳಗಡೆಗಿದ್ದರೆ ಋಣ. ಅಗಲವನ್ನು ಬಿಟ್ಟು ಆಫ್‌ಸೆಟ್ ಒಂದನ್ನೇ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಲೆಕ್ಕ ಸುಲಭ: ಅಗಲದ ಅರ್ಧಕ್ಕೆ ಇಟಿ ಕೂಡಿಸಿದರೆ ಚಕ್ರ ಒಳಗಡೆ ಎಷ್ಟು ಚಾಚುತ್ತದೆ ಎಂಬುದು, ಕಳೆದರೆ ಹೊರಗಡೆ ಎಷ್ಟು ಎಂಬುದು ಸಿಗುತ್ತದೆ.

ಫುಕ್ಸ್ ಚಕ್ರಗಳಿಗೇ ಈ ಲೆಕ್ಕ ಹಾಕಿ ನೋಡಿ. 6 ಇಂಚಿನದು ಇಟಿ 36. ಅರ್ಧ ಅಗಲ 76.2, ಕೂಡಿಸಿದರೆ 112.2 ಮಿ.ಮೀ. 7 ಇಂಚಿನದು ಇಟಿ 23.3; 88.9ಕ್ಕೆ ಕೂಡಿಸಿದರೆ ಮತ್ತೆ 112.2. 8 ಇಂಚಿನದು ಇಟಿ 10.6, 101.6ಕ್ಕೆ ಕೂಡಿಸಿದರೆ ಅದೂ 112.2! ಮೂರರಲ್ಲೂ ಒಳ ಅಂಚು ನಿಲ್ಲುವುದು ಒಂದೇ ಜಾಗದಲ್ಲಿ. ಒಳಗಡೆ ಸಸ್ಪೆನ್ಷನ್ ಇರುವುದರಿಂದ ಅಲ್ಲಿಗೆ ಕೈ ಹಾಕದೆ, ಹೆಚ್ಚಿದ ಅಗಲವನ್ನೆಲ್ಲ ಹೊರಕ್ಕೇ ತಳ್ಳಿದ್ದಾರೆ. 8 ಇಂಚಿನ ಚಕ್ರದ ಹೊರ ಅಂಚು 6 ಇಂಚಿನದಕ್ಕಿಂತ 50.8 ಮಿ.ಮೀ. ಆಚೆಗಿರುತ್ತದೆ, ಕಿರಿದಾದ ಮಡ್‌ಗಾರ್ಡಿನ ಹಳೆಯ ಕಾರಿಗೆ ಅದನ್ನು ಹಾಕಲಾಗದು ಎಂಬುದು ಚಕ್ರ ತರಿಸುವ ಮೊದಲೇ ಕಾಗದದ ಮೇಲೆ ಗೊತ್ತಾಗುತ್ತದೆ. ಮೂಲ ತಯಾರಕರು ಇಷ್ಟು ಜೋಪಾನ ಮಾಡಿದ ಅಳತೆಯನ್ನು ‘ಎಲ್ಲ ಅಗಲಕ್ಕೂ ಇಟಿ 25’ ಎಂಬಂಥ ನಕಲು ಕೆಡಿಸಿಬಿಡುತ್ತದೆ.

ಅಮೆರಿಕದ ಚಕ್ರಗಳಲ್ಲಿ ಆಫ್‌ಸೆಟ್ ಬದಲು ಬ್ಯಾಕ್‌ಸ್ಪೇಸಿಂಗ್ ಹೇಳುವುದು ವಾಡಿಕೆ. ಚಕ್ರವನ್ನು ಮುಂಬದಿ ಕೆಳಗಾಗಿ ಮಲಗಿಸಿ, ಮೇಲೆ ಬಂದ ಅಂಚಿನ ಮೇಲೆ ಅಡ್ಡಪಟ್ಟಿ ಇಟ್ಟು, ಪಟ್ಟಿಯಿಂದ ಹಬ್ ಕೂರುವ ಮುಖದವರೆಗೆ ಅಳೆದರೆ ಅದು ಸಿಗುತ್ತದೆ. ಇದರಲ್ಲಿ ರಿಮ್ಮಿನ ಅಂಚಿನ ದಪ್ಪವೂ ಸೇರಿರುತ್ತದೆ. ಆದ್ದರಿಂದ ಮೇಲಿನ ಲೆಕ್ಕದ 112.2ಕ್ಕೆ ಸುಮಾರು 12 ಮಿ.ಮೀ. ಕೂಡಿಸಿಯೇ ಹೋಲಿಸಬೇಕು.

ನಟ್ಟು ಕೂರುವ ಜಾಗ

ನಟ್ಟಿನ ಆಸನ ಶಂಕುವಿನಾಕಾರದ್ದೋ, ಗೋಳಾಕಾರದ್ದೋ, ಚಪ್ಪಟೆ ವಾಷರಿನದ್ದೋ ಎಂಬುದು ಪಿಸಿಡಿಯಷ್ಟೇ ಮುಖ್ಯ. ಪೋರ್ಷೆ ಫುಕ್ಸ್‌ನದು 14 ಮಿ.ಮೀ. ತ್ರಿಜ್ಯದ ಗೋಳ, ಮುಂದಿನ ಕಾಲದ ಅನೇಕ ಫೋಕ್ಸ್‌ವ್ಯಾಗನ್‌ಗಳದು 13 ಮಿ.ಮೀ. ಬೇರೆ ಬಹುತೇಕ ಅಲಾಯ್ ಚಕ್ರಗಳದು 60 ಡಿಗ್ರಿಯ ಶಂಕು. ಗೋಳದ ಗುಳಿಯಲ್ಲಿ ಶಂಕುವಿನ ನಟ್ಟು ಹಾಕಿದರೆ ಲೋಹ ಲೋಹಕ್ಕೆ ತಾಗುವುದು ದಾರದಷ್ಟು ತೆಳುವಾದ ಒಂದು ಗೆರೆಯಲ್ಲಿ ಮಾತ್ರ. ಟಾರ್ಕ್ ವ್ರೆಂಚ್ ಸರಿಯಾದ ಸಂಖ್ಯೆಯಲ್ಲೇ ಕ್ಲಿಕ್ ಅನ್ನುತ್ತದೆ. ಆಮೇಲೆ ಆ ಗೆರೆಯಲ್ಲಿನ ಅಲ್ಯೂಮಿನಿಯಂ ಅಮುಕಿಹೋಗಿ ಬಿಗಿತವೆಲ್ಲ ಮಾಯವಾಗುತ್ತದೆ. ಅನುಮಾನವಿದ್ದರೆ ನಟ್ಟಿನ ಮುಖಕ್ಕೆ ಮಾರ್ಕರ್ ಶಾಯಿ ಬಳಿದು, ಕೈಯಲ್ಲಿ ಬಿಗಿಮಾಡಿ, ಬಿಚ್ಚಿ ನೋಡಿ. ಆಸನದಲ್ಲಿ ಅಗಲವಾದ ಪಟ್ಟಿಯಂತೆ ಸುತ್ತಲೂ ಶಾಯಿ ಹತ್ತಿರಬೇಕು. ಸಣ್ಣ ಗೆರೆಯೋ ಅರ್ಧಚಂದ್ರವೋ ಕಂಡರೆ ನಟ್ಟು ಬೇರೆಯದು ಬೇಕು.

ಸ್ಟೀಲ್ ಚಕ್ರದಿಂದ ಅಲಾಯ್ ಚಕ್ರಕ್ಕೆ ಬದಲಾಯಿಸುವಾಗ ಹಬ್ಬಿಗೆ ಕೂರುವ ಭಾಗ ದಪ್ಪವಾಗುತ್ತದೆ, ಸ್ಟಡ್ ಸಾಲದೆ ಹೋಗಬಹುದು. ನಟ್ಟು ಕನಿಷ್ಠ ಸ್ಟಡ್ಡಿನ ವ್ಯಾಸದಷ್ಟು ಉದ್ದ ಹಿಡಿದಿರಬೇಕು ಎಂಬ ಲೆಕ್ಕ ಇಟ್ಟುಕೊಂಡರೆ ಕ್ಷೇಮ. ಅಂದರೆ ಎಂ12×1.5 ಸ್ಟಡ್ಡಿಗೆ ಎಂಟು ಸುತ್ತು, ಇಂಚಿಗೆ 20 ಎಳೆಯ ಅರ್ಧ ಇಂಚಿನ ಸ್ಟಡ್ಡಿಗೆ ಹತ್ತು ಸುತ್ತು. ಕೈಯಲ್ಲಿ ತಿರುಗಿಸುತ್ತಾ ಎಣಿಸಿ. ಕಡಿಮೆ ಬಂದರೆ ಉದ್ದದ ಸ್ಟಡ್ ಹಾಕಿಸಿ, ಬೇರೆ ದಾರಿ ಇಲ್ಲ.

ಹಬ್ಬಿನ ಮೇಲೆ ಇನ್ನೂ ಕೆಲವು ಅಡಚಣೆಗಳಿರುತ್ತವೆ. ಹಿಂದಿನ ಬ್ರೇಕ್ ಡ್ರಮ್ಮನ್ನು ಹಿಡಿದಿಡುವ ಸ್ಕ್ರೂ ತಲೆ ಒಂದು ಮಿ.ಮೀ. ಮೇಲೆದ್ದಿದ್ದರೂ ಅಲಾಯ್ ಚಕ್ರದ ಚಪ್ಪಟೆ ಮುಖ ಅದರ ಮೇಲೆ ನಿಂತು ಓರೆಯಾಗುತ್ತದೆ. ಮೂಲ ಚಕ್ರದ ಹಿಂದೆ ಅದಕ್ಕೆಂದೇ ಗುಳಿ ಇರುತ್ತಿತ್ತು, ಅಗ್ಗದ ನಕಲಿನಲ್ಲಿ ಇರುವುದಿಲ್ಲ. ಮುಂದಿನ ಹಬ್ಬಿನ ಗ್ರೀಸ್ ಮುಚ್ಚಳ ಚಕ್ರದ ನಡುವಿನ ತೂತಿನಲ್ಲಿ ತೂರುತ್ತದೆಯೇ, ಆಮೇಲೂ ಅಲಂಕಾರದ ಮುಚ್ಚಳ ಕೂರುತ್ತದೆಯೇ ಎಂಬುದನ್ನೂ ನೋಡಬೇಕು. ಬ್ರೇಕ್ ಕ್ಯಾಲಿಪರಿಗೂ ಚಕ್ರದ ಒಳಮೈಗೂ ಸುತ್ತಲೂ ಕನಿಷ್ಠ 3 ಮಿ.ಮೀ. ಜಾಗ ಇರಬೇಕು. ವ್ಯಾಸ ಸರಿಯಿದ್ದರೂ ಕಡ್ಡಿಗಳ ಬೆನ್ನು ಒಳಕ್ಕೆ ಉಬ್ಬಿದ್ದರೆ ತಾಗುತ್ತದೆ. ಕ್ಯಾಲಿಪರಿನ ಆಕಾರಕ್ಕೆ ರಟ್ಟು ಕತ್ತರಿಸಿ ಮಾರುವವರಿಗೆ ಕಳಿಸಿದರೆ, ಕಸುಬು ಗೊತ್ತಿರುವವರು ಚಕ್ರದೊಳಗೆ ಇಟ್ಟು ನೋಡಿ ಹೇಳುತ್ತಾರೆ.

ಗಟ್ಟಿತನ ಎಲ್ಲಿಂದ ಬರುತ್ತದೆ

ಅಲ್ಯೂಮಿನಿಯಂ ಚಕ್ರಗಳಲ್ಲಿ ಎರಕದವು ಒಂದು ಬಗೆ, ಕಾದ ಲೋಹವನ್ನು ಭಾರೀ ಒತ್ತಡದಲ್ಲಿ ಒತ್ತಿ ರೂಪಿಸಿದ ಫೋರ್ಜ್ಡ್ ಚಕ್ರಗಳು ಇನ್ನೊಂದು ಬಗೆ. 1967ರ ಮಾದರಿಯ 911 ಎಸ್ ಜೊತೆ ಬಂದ ಫುಕ್ಸ್ ಚಕ್ರದ ಹಿರಿಮೆಯೇ ಅದು ಫೋರ್ಜ್ಡ್ ಆಗಿದ್ದದ್ದು. ಅದೇ ರೂಪದ ಎರಕದ ನಕಲು ಕೆಟ್ಟದ್ದೇನೂ ಅಲ್ಲ. ಆದರೆ ಅಷ್ಟೇ ಬಲ ಬರಬೇಕಾದರೆ ದಳಗಳು ದಪ್ಪವಾಗಬೇಕು, ತೂಕ ಏರಬೇಕು. ಎರಕದ್ದಾಗಿಯೂ ಮೂಲದಷ್ಟೇ ಹಗುರ ಎಂದು ಯಾರಾದರೂ ಹೇಳಿದರೆ ಖುಷಿಪಡಬೇಡಿ, ಪರೀಕ್ಷೆಯ ವರದಿ ಕೇಳಿ.

ಎರಕದ ಚಕ್ರಗಳಿಗೆ ಸಾಮಾನ್ಯವಾಗಿ ಬಳಸುವುದು ಎ356 ಮಿಶ್ರಲೋಹ. ಎರಕ ಹೊಯ್ದ ಮೇಲೆ ಅದನ್ನು ಸುಮಾರು 540 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಂಟೆಗಟ್ಟಲೆ ಇಟ್ಟು, ನೀರಿನಲ್ಲಿ ತಟ್ಟನೆ ತಣಿಸಿ, ಮತ್ತೆ 150ರಿಂದ 170 ಡಿಗ್ರಿಯ ಆಸುಪಾಸಿನಲ್ಲಿ ಹದಗೊಳಿಸುತ್ತಾರೆ. ಇದೇ ಟಿ6 ಹದ. ಇದನ್ನು ಬಿಟ್ಟ ಚಕ್ರ ಕಣ್ಣಿಗೆ ಒಂದೇ ಥರ ಕಂಡರೂ ಗುಂಡಿಗೆ ಬಿದ್ದಾಗ ಅಂಚು ಸುಲಭವಾಗಿ ಬಾಗುತ್ತದೆ. ಹಳೆಯ ಚಕ್ರಕ್ಕೆ ಪೌಡರ್ ಕೋಟಿಂಗ್ ಮಾಡಿಸುವಾಗಲೂ ಇದೇ ಕಾರಣಕ್ಕೆ ಎಚ್ಚರ ಬೇಕು: ಒಲೆಯ ಶಾಖ ಹದಗೊಳಿಸಿದ ಶಾಖಕ್ಕಿಂತ ಮೇಲೇರಿ ಬಹಳ ಹೊತ್ತು ನಿಂತರೆ ಹದ ಇಳಿಯುತ್ತದೆ.

ಎರಕದ ಇನ್ನೊಂದು ಶತ್ರು ಒಳಗೆ ಉಳಿದ ಗಾಳಿಗುಳ್ಳೆ. ಟೈರ್ ಹಾಕುವ ಮೊದಲು ಒಳಮೈಯನ್ನು ಬೆಳಕಿಗೆ ಹಿಡಿದು ನೋಡಿ. ಕಡೆದ ಮೇಲ್ಮೈಯಲ್ಲಿ, ಅದರಲ್ಲೂ ಟೈರ್ ಕೂರುವ ಜಾಗದಲ್ಲಿ ಮತ್ತು ನಟ್ಟಿನ ಆಸನದಲ್ಲಿ, ಸೂಜಿ ಚುಚ್ಚಿದಂಥ ಚುಕ್ಕೆಗಳಿದ್ದರೆ ಆ ಚಕ್ರ ವಾಪಸ್ ಹೋಗಬೇಕು. ನಾಲ್ಕನ್ನೂ ತೂಗಿ. ಒಂದೇ ಅಳತೆಯ ಚಕ್ರಗಳ ನಡುವೆ ಕಾಲು ಕೆ.ಜಿ.ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಆ ತಯಾರಕರಿಗೆ ಕೆಲಸದ ಮೇಲೆ ಹಿಡಿತವಿಲ್ಲ ಎಂದೇ ಅರ್ಥ.

ಬೆನ್ನ ಮೇಲಿನ ಗುರುತುಗಳು

ಒಳ್ಳೆಯ ಚಕ್ರದ ಹಿಂಬದಿಯಲ್ಲಿ ತಯಾರಕರ ಹೆಸರು, ಅಗಲ ಮತ್ತು ವ್ಯಾಸ, ಇಟಿ, ತಯಾರಾದ ತಿಂಗಳು ಹಾಗೂ ವರ್ಷ, ಹೊರಬಲ್ಲ ಗರಿಷ್ಠ ಭಾರ ಇವೆಲ್ಲ ಎರಕದಲ್ಲೇ ಮೂಡಿರುತ್ತವೆ ಅಥವಾ ಒತ್ತಿ ಬರೆದಿರುತ್ತವೆ. ಅಂಟಿಸಿದ ಸ್ಟಿಕ್ಕರನ್ನು ಲೆಕ್ಕಕ್ಕೆ ಇಟ್ಟುಕೊಳ್ಳಬೇಡಿ.

ಜೆಡಬ್ಲ್ಯುಎಲ್ ಎಂಬುದು ಅಲಾಯ್ ಚಕ್ರಗಳಿಗೆ ಜಪಾನ್ ಗೊತ್ತುಮಾಡಿದ ಮಾನದಂಡ. ಆ ಗುರುತನ್ನು ತಯಾರಕರು ತಾವೇ ಹಾಕಿಕೊಳ್ಳುತ್ತಾರೆ. ಪಕ್ಕದಲ್ಲಿ ವಿಐಎ ಗುರುತೂ ಇದ್ದರೆ ಹೊರಗಿನ ಸಂಸ್ಥೆಯ ಪರೀಕ್ಷೆ, ನೋಂದಣಿ ಆಗಿದೆ ಎಂದರ್ಥ. ಜರ್ಮನಿಯ ವಾಹನ ಪ್ರಾಧಿಕಾರವಾದ ಕೆಬಿಎ ಕೊಟ್ಟ ಸಂಖ್ಯೆ ಇದ್ದರೆ ಇನ್ನೂ ಒಳ್ಳೆಯದು, ಅದರ ಜೊತೆಗಿನ ಕಾಗದದಲ್ಲಿ ಆ ಚಕ್ರ ಯಾವ ಕಾರಿಗೆ, ಯಾವ ಟೈರಿನೊಂದಿಗೆ ಆಗುತ್ತದೆ ಎಂಬ ಪಟ್ಟಿಯೇ ಇರುತ್ತದೆ. ಬದಲಿ ಚಕ್ರಗಳಿಗೆಂದೇ ವಿಶ್ವಸಂಸ್ಥೆಯ 124ನೇ ನಿಯಮವಿದೆ. ಅಮೆರಿಕದಲ್ಲಿ ಎಸ್‌ಎಇ ಜೆ2530 ಎಂಬ ಶಿಫಾರಸು ಇದೆ. ಇವುಗಳಲ್ಲಿ ಬರುವ ಪರೀಕ್ಷೆಗಳು ಮುಖ್ಯವಾಗಿ ಮೂರು. ಟೈರ್ ಸಮೇತ ಚಕ್ರವನ್ನು ಉರುಳುವ ಡ್ರಮ್ಮಿಗೆ ಒತ್ತಿ ಲಕ್ಷಾಂತರ ಸುತ್ತು ತಿರುಗಿಸುವುದು ಒಂದು. ತಿರುವಿನಲ್ಲಿ ಆಗುವಂತೆ ಹಬ್ ಕಡೆಯಿಂದ ಬಾಗಿಸುವ ಬಲ ಹಾಕುತ್ತಾ ತಿರುಗಿಸುವುದು ಇನ್ನೊಂದು. ಓರೆಯಾಗಿ ನಿಲ್ಲಿಸಿದ ಚಕ್ರದ ಅಂಚಿನ ಮೇಲೆ ಭಾರ ಬೀಳಿಸುವುದು ಮೂರನೆಯದು. ‘ಟೆಸ್ಟ್ ಆಗಿದೆ’ ಎನ್ನುವ ಮಾರಾಟಗಾರರನ್ನು ಯಾವ ಟೆಸ್ಟ್, ಎಷ್ಟು ಭಾರಕ್ಕೆ ಎಂದು ಕೇಳಿ.

ಭಾರದ ಲೆಕ್ಕಕ್ಕೆ ಕಾರಿನ ಖಾಲಿ ತೂಕವನ್ನು ನಾಲ್ಕರಿಂದ ಭಾಗಿಸಬಾರದು. ಜನ, ಸಾಮಾನು ತುಂಬಿದಾಗ ಒಂದು ಆಕ್ಸಲ್ ಹೊರುವ ಗರಿಷ್ಠ ಭಾರವನ್ನು ಎರಡರಿಂದ ಭಾಗಿಸಿ. ಹಿಂದಿನ ಆಕ್ಸಲ್ ಮಿತಿ 900 ಕೆ.ಜಿ. ಇದ್ದರೆ ಪ್ರತಿ ಚಕ್ರ 450 ಕೆ.ಜಿ. ಹೊರಲೇಬೇಕು, 500ರದ್ದು ಸಿಕ್ಕರೆ ನೆಮ್ಮದಿ. ಹಗುರ ಕಾರಿಗೆಂದು ಮಾಡಿದ ಚಕ್ರವನ್ನು ಪಿಸಿಡಿ ಹೊಂದಿತು ಎಂದು ದೊಡ್ಡ ಸಲೂನ್ ಕಾರಿಗೆ ಹಾಕುವುದು ಇಲ್ಲಿ ನಡೆಯುವ ಅತ್ಯಂತ ಅಪಾಯದ ತಪ್ಪು.

ಕಡ್ಡಿ ಚಕ್ರಗಳು

ಸ್ಪೋಕ್ ಇರುವ ತಂತಿ ಚಕ್ರದ ಸಂಗತಿಯೇ ಬೇರೆ. ಇಲ್ಲಿ ಪಿಸಿಡಿ ಇಲ್ಲ. ಹಲ್ಲು ಕೊರೆದ ಹಬ್ಬಿನ ಮೇಲೆ ಚಕ್ರ ಜಾರಿ ಕೂರುತ್ತದೆ, ನಡುವೆ ಒಂದೇ ದೊಡ್ಡ ನಟ್ಟು. ಹಬ್ಬಿನ ಅಳತೆ 42 ಅಥವಾ 52 ಎಂಬ ಸಂಖ್ಯೆಗಳಲ್ಲಿರುತ್ತದೆ. ಎಂಜಿಎಗೆ 48 ಕಡ್ಡಿಯ 15 ಇಂಚಿನ ಚಕ್ರ, ಎಂಜಿಬಿಗೆ 60 ಕಡ್ಡಿಯ 14 ಇಂಚಿನದು, ಜಾಗ್ವಾರ್ ಇ-ಟೈಪ್‌ಗೆ 72 ಕಡ್ಡಿಯ 15 ಇಂಚಿನದು. ಎಂಜಿಎಗೆ 60 ಕಡ್ಡಿಯದನ್ನು ಹಾಕಿದರೆ ನೋಟ ಸ್ವಲ್ಪ ಬದಲಾಗುತ್ತದೆ, ಚಕ್ರ ಗಟ್ಟಿಯಾಗುತ್ತದೆ. ಓಡಿಸುವವರಿಗೆ ಅದೇ ಒಳ್ಳೆಯ ಆಯ್ಕೆ.

ಹೊಸ ಚಕ್ರ ತರಿಸುವ ಮೊದಲು ಹಳೆಯ ಹಬ್ಬಿನ ಹಲ್ಲು ನೋಡಿ. ಹಲ್ಲಿನ ತುದಿ ಸಣ್ಣದಾಗಿ ಚಪ್ಪಟೆಯಾಗಿದ್ದರೆ ಸರಿ. ಚಾಕುವಿನಂತೆ ಚೂಪಾಗಿದ್ದರೆ ಅಥವಾ ಒಂದೇ ಕಡೆಗೆ ವಾಲಿದ್ದರೆ ಹಬ್ ಸವೆದಿದೆ. ಕಾರನ್ನು ಹಿಂದಕ್ಕೆ ಮುಂದಕ್ಕೆ ಹೊರಡಿಸುವಾಗ ‘ಟಕ್’ ಎಂಬ ಸದ್ದು ಬರುವುದೂ ಇದರಿಂದಲೇ. ಸವೆದ ಹಬ್ ಹೊಸ ಚಕ್ರದ ಹಲ್ಲನ್ನು ತಿಂದುಹಾಕುತ್ತದೆ. ಇಂಥ ಕಡೆ ಹಬ್ಬನ್ನೂ ಚಕ್ರವನ್ನೂ ಜೊತೆಯಾಗಿಯೇ ಬದಲಿಸಬೇಕು, ಅರ್ಧ ದುಡ್ಡು ಉಳಿಸಲು ಹೋದರೆ ಪೂರ್ತಿ ಹೋಗುತ್ತದೆ. ಹಲ್ಲಿಗೂ ಚಕ್ರ ಹಬ್ಬಿಗೂ ನಟ್ಟಿಗೂ ಒತ್ತಿ ಕೂರುವ ಎರಡೂ ಶಂಕುಗಳಿಗೂ ತೆಳುವಾಗಿ ಗ್ರೀಸ್ ಬಳಿಯಿರಿ, ಒಣಗಿದ ಹಲ್ಲು ಬೇಗ ಸವೆಯುತ್ತದೆ. ಈ ಬ್ರಿಟಿಷ್ ಕಾರುಗಳಲ್ಲಿ ಎಡಗಡೆಯ ನಟ್ಟಿಗೆ ಬಲಎಳೆ (ಬಲಕ್ಕೆ ತಿರುಗಿಸಿದರೆ ಬಿಗಿಯಾಗುವುದು), ಬಲಗಡೆಯದಕ್ಕೆ ಎಡಎಳೆ. ಹಬ್ಬುಗಳನ್ನು ಅದಲುಬದಲು ಮಾಡಿ ಕೂರಿಸಿದರೆ ಚಕ್ರ ತಿರುಗಿದಂತೆಲ್ಲ ನಟ್ಟು ತಾನಾಗಿಯೇ ಬಿಚ್ಚಿಕೊಳ್ಳುತ್ತದೆ.

ಚಕ್ರ ಕೈಗೆ ಬಂದಾಗ ಸಣ್ಣ ಸ್ಪ್ಯಾನರಿನಿಂದ ಪ್ರತಿ ಕಡ್ಡಿಯನ್ನೂ ಮೆಲ್ಲಗೆ ತಟ್ಟಿ. ವೀಣೆಯ ತಂತಿ ಮೀಟಿದಂತೆ ನಾದ ಬರಬೇಕು, ಒಂದೇ ಉದ್ದದ ಕಡ್ಡಿಗಳೆಲ್ಲ ಹೆಚ್ಚುಕಡಿಮೆ ಒಂದೇ ಶ್ರುತಿಯಲ್ಲಿರಬೇಕು. ‘ಟಪ್’ ಎಂದು ಸತ್ತ ಸದ್ದು ಬಂದರೆ ಆ ಕಡ್ಡಿ ಸಡಿಲ. ಅದರ ಪಾಲಿನ ಭಾರ ಅಕ್ಕಪಕ್ಕದವುಗಳ ಮೇಲೆ ಬಿದ್ದು ಅವು ಮುರಿಯುತ್ತವೆ. ಕ್ರೋಮ್ ಲೇಪಿಸಿದ ಕಡ್ಡಿಗಳ ಬದಲು ಸ್ಟೇನ್‌ಲೆಸ್ ಸ್ಟೀಲಿನವನ್ನು ಕೇಳಿ. ಕ್ರೋಮ್ ಲೇಪನದ ವೇಳೆ ಉಕ್ಕಿನೊಳಗೆ ಹೈಡ್ರೋಜನ್ ಸೇರಿ ಅದು ಪೆಡಸಾಗುತ್ತದೆ. ಲೇಪಿಸಿದ ಕೂಡಲೇ ಒಲೆಯಲ್ಲಿ ಕಾಯಿಸದಿದ್ದರೆ ಕಡ್ಡಿ ಬಾಗುವ ಬದಲು ಪಟಕ್ಕನೆ ಮುರಿಯುತ್ತದೆ.

ಕಡ್ಡಿಗಳ ತುದಿ ರಿಮ್ಮಿನ ಒಳಗೆ ಬರುವುದರಿಂದ ಸಾಮಾನ್ಯವಾಗಿ ಟ್ಯೂಬ್ ಬೇಕು. ತುದಿಗಳನ್ನು ಉಜ್ಜಿ ಮಟ್ಟಮಾಡಿ, ಮೇಲೆ ರಬ್ಬರ್ ಪಟ್ಟಿ ಹಾಕಿ. ರೇಡಿಯಲ್ ಟೈರಿನೊಳಗೆ ಕಾಗದದ ಲೇಬಲ್ ಇದ್ದರೆ ಕಿತ್ತುಬಿಡಿ, ಓಡುತ್ತಾ ಓಡುತ್ತಾ ಅದು ಟ್ಯೂಬನ್ನು ಉಜ್ಜಿ ತೂತು ಮಾಡುತ್ತದೆ. ಟ್ಯೂಬ್‌ಲೆಸ್ ಆಗುವ ತಂತಿ ಚಕ್ರಗಳೂ ಈಗ ಇವೆ. ಅವುಗಳಲ್ಲಿ ಕಡ್ಡಿ ತುದಿಗಳ ಮೇಲೆ ಸೀಲಂಟ್ ಇರುತ್ತದೆ, ಟೈರ್ ಜಾರದಂತೆ ರಿಮ್ಮಿನಲ್ಲಿ ಸಣ್ಣ ಉಬ್ಬೂ ಇರುತ್ತದೆ. ಆ ಉಬ್ಬಿಲ್ಲದ ರಿಮ್ಮಿಗೆ ಬರೀ ಸೀಲಂಟ್ ಬಳಿದು ಟ್ಯೂಬ್ ತೆಗೆದುಬಿಡುವುದು ಸಲ್ಲದು, ಗಾಳಿ ಕಡಿಮೆಯಾದಾಗ ತಿರುವಿನಲ್ಲಿ ಟೈರ್ ಒಳಕ್ಕೆ ಜಾರುತ್ತದೆ.

ಟೈರ್ ಹಾಕುವ ಮುನ್ನ

ಟೈರ್ ಒಮ್ಮೆ ಏರಿತೆಂದರೆ ಚಕ್ರ ವಾಪಸ್ ತೆಗೆದುಕೊಳ್ಳುವವರು ಕಡಿಮೆ. ಆದ್ದರಿಂದ ಪೆಟ್ಟಿಗೆ ಬಿಚ್ಚಿದ ಮೇಲೆ ನಾಲ್ಕನ್ನೂ ಬರಿಯ ಚಕ್ರವಾಗಿಯೇ ಕಾರಿಗೆ ಹಾಕಿ ನೋಡಬೇಕು. ಜಾಕ್ ಮೇಲೆ ನಿಲ್ಲಿಸಿ, ಮುಂದಿನವನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಕೈಯಲ್ಲಿ ಸುತ್ತಿಸಿ. ಡಯಲ್ ಗೇಜನ್ನು ಟೈರ್ ಕೂರುವ ಒಳಮೈಗೆ ಹಿಡಿದು ಓಲಾಟ ಅಳೆಯಿರಿ; ಹೊರ ಅಂಚಿನ ಅಳತೆ ಅಷ್ಟಾಗಿ ನಂಬುವಂಥದ್ದಲ್ಲ. ಹೊಸ ಅಲಾಯ್ ಚಕ್ರದಲ್ಲಿ ಮೇಲೆ-ಕೆಳಗಿನ ಓಲಾಟವೂ ಅಡ್ಡ ಓಲಾಟವೂ ಅರ್ಧ ಮಿ.ಮೀ. ಒಳಗಿರಬೇಕು. ಸ್ಟೀಲ್ ಚಕ್ರಕ್ಕೆ ಒಂದು ಮಿ.ಮೀ. ಆದೀತು, ತಂತಿ ಚಕ್ರಕ್ಕೆ ಒಂದೂವರೆ.

ಟೈರಿನ ಅಗಲಕ್ಕೂ ರಿಮ್ಮಿನ ಅಗಲಕ್ಕೂ ಮಿತಿ ಇದೆ: 185/65 ಆರ್15ಕ್ಕೆ 5ರಿಂದ 6.5 ಇಂಚು, 195/65 ಆರ್15ಕ್ಕೆ 5.5ರಿಂದ 7 ಇಂಚು. ವಾಲ್ವಿನ ತೂತನ್ನೂ ನೋಡಿ. 11.5 ಮಿ.ಮೀ. ತೂತಿನ ವಾಲ್ವನ್ನು 16 ಮಿ.ಮೀ. ತೂತಿಗೆ ಹಾಕಿದರೆ ನಿಲ್ಲುವುದಿಲ್ಲ.

ಬ್ಯಾಲೆನ್ಸಿಂಗ್‌ನಲ್ಲಿ ಒಂದು ಸೂಕ್ಷ್ಮವಿದೆ. ಯಂತ್ರ ಚಕ್ರವನ್ನು ಹಿಡಿಯುವುದು ನಡುವಿನ ತೂತಿನಿಂದ. ಹಳೆಯ ಕಾರುಗಳಲ್ಲಿ ಅನೇಕ ಕಡೆ ಚಕ್ರ ನಡುವಿಗೆ ಬಂದು ನಿಲ್ಲುವುದು ನಟ್ಟುಗಳಿಂದ. ರೆಪ್ಲಿಕಾದ ನಡುತೂತು ಪಿಸಿಡಿಯ ಕೇಂದ್ರಕ್ಕೆ ಸರಿಯಾಗಿ ಕೊರೆದಿಲ್ಲದಿದ್ದರೆ ಯಂತ್ರ ಸೊನ್ನೆ ತೋರಿಸುತ್ತದೆ, ರಸ್ತೆಯಲ್ಲಿ ಸ್ಟೀರಿಂಗ್ ನಡುಗುತ್ತದೆ. ನಟ್ಟಿನ ತೂತುಗಳಿಂದಲೇ ಹಿಡಿಯುವ ಅಡಾಪ್ಟರ್ ಇರುವ ಕಡೆ ಮಾಡಿಸಿ. ತಂತಿ ಚಕ್ರಕ್ಕೆ ಅದರ ಶಂಕುಗಳಿಗೆ ಹೊಂದುವ ಅಡಾಪ್ಟರ್ ಬೇಕು.

ಕೊನೆಗೆ ಬಿಗಿಮಾಡುವಾಗ ನಟ್ಟುಗಳನ್ನು ನಕ್ಷತ್ರದ ಕ್ರಮದಲ್ಲಿ ಹಂತಹಂತವಾಗಿ, ಕಾರಿನ ಕೈಪಿಡಿ ಹೇಳಿದ ಟಾರ್ಕಿಗೆ ತನ್ನಿ. 911ಕ್ಕೆ ಅದು 130 ನ್ಯೂಟನ್ ಮೀಟರ್. ಸ್ಟೀಲ್ ಚಕ್ರದಲ್ಲಿ ನಟ್ಟಿನ ಸುತ್ತಲ ಉಬ್ಬು ಸ್ಪ್ರಿಂಗಿನಂತೆ ಒತ್ತಿ ಹಿಡಿಯುತ್ತದೆ, ಅಲಾಯ್‌ನಲ್ಲಿ ಆ ಗುಣವಿಲ್ಲ. ಹೊಸ ಬಣ್ಣ, ಹೊಸ ಆಸನ ಅಮುಕಿ ಕೂತಂತೆ ಬಿಗಿತ ಇಳಿಯುತ್ತದೆ. 50ರಿಂದ 100 ಕಿ.ಮೀ. ಓಡಿಸಿದ ಮೇಲೆ, ಚಕ್ರ ಪೂರ್ತಿ ತಣ್ಣಗಾದಾಗ, ಅದೇ ಟಾರ್ಕಿಗೆ ಮತ್ತೊಮ್ಮೆ ಬಿಗಿಮಾಡಿ. ಅದಾದ ಮೇಲೂ ಯಾವುದೇ ನಟ್ಟು ಎರಡನೇ ಸಲ ಸಡಿಲವಾಗಿ ಸಿಕ್ಕರೆ ಇನ್ನಷ್ಟು ಬಿಗಿಯುವುದಲ್ಲ, ಚಕ್ರ ಇಳಿಸಿ ಆಸನದ ಆಕಾರವನ್ನೂ ಪಿಸಿಡಿಯನ್ನೂ ಮೊದಲಿನಿಂದ ಅಳೆಯಿರಿ.